ಹೆಬ್ಬೆಟ್ಟು

ಮೊದಲು ಹಾಸಿದ್ದು ಬಿಳಿ ಬಟ್ಟೆ.
ಲಮ್ಜೀರಾಗೆ ಹಿಡಿಸಲಿಲ್ಲ, ಆಸ್ಪತ್ರೆಯ ಮಂಚದ ನೆನಪು.
ಎಳೆದು ತೆಗೆದಳು. ಬರೀ ಹಲಗೆಯೇ ಸಾಕು,
ಚಾಕುವಿನ ಗೀರು, ವೈನು ಲೋಟದ ಉಂಗುರಗಲೆ
ಇದ್ದ ಹಾಗೇ ಇರಲಿ.

ಜಾರ್ಜಿಯಾದ ಶ್ರೋಶಾದಲ್ಲಿ, ಹೆದ್ದಾರಿಯ ಬದಿಗೆ
ಮಡಕೆ ಕುಡಿಕೆ ಸಾಲಿಟ್ಟು ಮಾರುವವರಲ್ಲಿ
ಅಂಬ್ರೋಸಿಯದು ಕಟ್ಟಕಡೆಯ ತಟ್ಟಿ.
"ಇದು ಸೋರುತ್ತದೆ, ಒಯ್ಯಿರಿ" ಎಂದು
ಕಾಸು ಕೇಳದೆ ಕೊಟ್ಟ ಹೂಜಿ.
ಆವಿಗೆಯಲ್ಲಿ ಒಂದು ಮಗ್ಗುಲಿಗೆ ಬೆಂಕಿ ಜಾಸ್ತಿ ತಾಗಿ
ಹೊಟ್ಟೆ ತುಸು ಕುಸಿದಿದೆ,
ಉಂಡು ಗೋಡೆಗೊರಗಿದವರ ಹಾಗೆ.
ಬಿರುಕು ಕೂದಲೆಳೆಯಷ್ಟು.

ಪಕ್ಕಕ್ಕೆ ಎರಡು ಕ್ವಿನ್ಸ್ ಹಣ್ಣು, ಮೈಮೇಲಿನ್ನೂ ತುಪ್ಪಳ.
ಮುಳ್ಳುಸಿಪ್ಪೆ ಬಾಯ್ಬಿಟ್ಟ ಚೆಸ್ಟ್‌ನಟ್ ಒಂದು.
ಬಳ್ಳಿಯ ತುಂಡು, ಅದರಲ್ಲಿ
ಕೊಯ್ಲಿನವರ ಕಣ್ತಪ್ಪಿಸಿಕೊಂಡ ಮೂರೇ ಕಪ್ಪು ದ್ರಾಕ್ಷಿ.
ಮತ್ತೊಂದು ಎಲೆ, ಯಾವ ಮರದ್ದೋ,
ಬಾಗಿಲು ತೆಗೆದಾಗ ತಾನಾಗಿ ಬಂದದ್ದು.

ನಿಶ್ಚಲ ಚಿತ್ರ ಅನ್ನುತ್ತಾರೆ ಇದನ್ನು.
ಯಾವುದು ನಿಶ್ಚಲ?
ಸೋಮವಾರದ ದ್ರಾಕ್ಷಿ ಗುರುವಾರಕ್ಕೆ ಸುಕ್ಕು.
ಎಲೆ ದಿನಕ್ಕಿಷ್ಟು ಮಡಚಿಕೊಂಡು ಮುಷ್ಟಿ ಬಿಗಿಯಿತು.
ಲೆಕ್ಕ ಹೇಳಿಸಿಕೊಳ್ಳಲು ಬಂದ ಬಾರ್ಬಾರೆ
ಚೆಸ್ಟ್‌ನಟ್ಟನ್ನು ಒಲೆಯಲ್ಲಿ ಸುಟ್ಟು ತಿಂದು
ಸಿಪ್ಪೆಯನ್ನು ಇದ್ದ ಜಾಗದಲ್ಲೇ ಇಟ್ಟಿದ್ದಳು,
ಎಣಿಕೆ ಸರಿಹೋಗಲೆಂದು.

ಹಾಗಾಗಿ ಕ್ಯಾನ್ವಾಸಿನ ಮೇಲೆ ಒಟ್ಟಿಗೆ ಕೂತ ಇವು
ಒಂದು ದಿನವೂ ಒಟ್ಟಿಗೆ ಕೂತವಲ್ಲ.
ದ್ರಾಕ್ಷಿ ಸೋಮವಾರದ್ದು, ಎಲೆ ಬುಧವಾರದ್ದು,
ಕ್ವಿನ್ಸಿನ ಹಳದಿ ಯಾವುದೋ ಮೋಡದ ಮಧ್ಯಾಹ್ನದ್ದು.
ನೆರಳು ಮಾತ್ರ ಎಲ್ಲಕ್ಕೂ ಒಂದೇ ದಿಕ್ಕಿಗೆ,
ಅದು ಸುಳ್ಳು.
ಮೂವತ್ತು ವರ್ಷ ಗಣಿತ ಕಲಿಸಿದವಳು
ಈ ತಪ್ಪು ಲೆಕ್ಕಕ್ಕೆ ಪೂರ್ತಿ ಅಂಕ ಕೊಟ್ಟಳು.

ಹೂಜಿಯದೇ ಕಷ್ಟ.
ಸುಟ್ಟ ಮಣ್ಣಿನ ಕೆಂಪು ಟ್ಯೂಬಿನಲ್ಲಿ ಸಿಗುವುದಿಲ್ಲ.
ಕಾವಿಗೆ ಚೂರು ನೀಲಿ, ಚೂರು ಬೂದಿಬಣ್ಣ;
ಹೆಚ್ಚಾದರೆ ಇಟ್ಟಿಗೆ, ಕಡಿಮೆಯಾದರೆ ಮಾಂಸ.
ಬಿರುಕನ್ನು ಗೋಡೆಯ ಕಡೆಗೆ ಇಟ್ಟಿದ್ದಳು, ಮರ್ಯಾದೆಗೆ.
ಏಳನೆಯ ದಿನ ಯಾರೂ ಕೇಳದೆಯೇ
ಈಚೆಗೆ ತಿರುಗಿಸಿದಳು. ಆಗ ಕಂಡಿತು:
ಹಿಡಿಯ ಬುಡದಲ್ಲಿ, ಹಸಿಮಣ್ಣನ್ನು ಒತ್ತಿ ಕೂರಿಸಿದ
ಹೆಬ್ಬೆಟ್ಟಿನ ಗುಳಿ,
ಗೆರೆಗಳ ಸಮೇತ ಬೆಂದು ನಿಂತದ್ದು.
ಅದೊಂದಕ್ಕೇ ಮೂರು ದಿನ ಹಿಡಿಯಿತು,
ನಾಲ್ಕು ಕೂದಲಿನ ಕುಂಚ, ಉಸಿರು ಬಿಗಿಹಿಡಿದು.

ಭಾನುವಾರ ಅಂಬ್ರೋಸಿ ಬಂದ,
ಬೂಟು ಹೊರಗೆ, ಟೋಪಿ ಕೈಯಲ್ಲಿ,
ಹೆಣ್ಣು ನೋಡಲು ಬಂದವನ ಹಾಗೆ ಬೆವರಿ.
ಚಿತ್ರದ ಮುಂದೆ ನಿಂತ. ಬಹಳ ಹೊತ್ತು.
"ಇದೂ ಸೋರುತ್ತದಾ?" ಎಂದ.
ಅವಳು ನಗುವಷ್ಟರಲ್ಲಿ
ಗುಳಿಯ ಮೇಲೆ ತನ್ನ ಹೆಬ್ಬೆಟ್ಟಿಟ್ಟ,
ಹಳೆಯ ಅಂಗಿ ಇನ್ನೂ ಆಗುತ್ತದೋ ನೋಡುವಂತೆ.

ಬಣ್ಣ ಹಸಿಯಿತ್ತು.
ತೆಗೆದಾಗ ಬೆರಳೆಲ್ಲ ಕಾವಿ.
ಗಾಬರಿಬಿದ್ದು ಪ್ಯಾಂಟಿಗೆ ಒರೆಸಿಕೊಂಡ.
"ನನಗೆ ರುಜು ಹಾಕಲು ಬರುತ್ತದೆ, ಟೀಚರ್," ಅಂದುಬಿಟ್ಟ,
ಯಾಕೆ ಅಂದನೋ.
"ಗೊತ್ತು," ಎಂದಳು ಲಮ್ಜೀರಾ.
ಅವಳ ಮೂರು ದಿನದ ಗೆರೆಗಳು ಚಪ್ಪಟೆ;
ಅಲ್ಲೀಗ ಅವನವೇ, ತುಸು ಓರೆಯಾಗಿ.
ತಿದ್ದಲಿಲ್ಲ. ಕೆಳಮೂಲೆಯಲ್ಲಿ
ತನ್ನ ಹೆಸರನ್ನೂ ಬರೆಯಲಿಲ್ಲ.

ಸಂಜೆ ಕ್ವಿನ್ಸ್ ಹೆಚ್ಚಿ ಸಕ್ಕರೆಪಾಕಕ್ಕೆ ಹಾಕಿದರು;
ಕುದಿಕುದಿದು ಹಳದಿಯೆಲ್ಲ ಕೆಂಪಾಯಿತು,
ಟ್ಯೂಬಿನಲ್ಲಿ ಸಿಗದ ಅದೇ ಕೆಂಪು.
ಹೂಜಿಯಲ್ಲಿ ಕುಂಚಗಳಿವೆ, ಅವಕ್ಕೆ ಸೋರುವ ಭಯವಿಲ್ಲ.
ಎಲೆ ಯಾವ ಮರದ್ದೆಂದು
ಇವತ್ತಿಗೂ ಗೊತ್ತಾಗಿಲ್ಲ.