ಐದು ಗಂಟಿನ ನೀರು

ಬಿಸಿಯೂಟದ ತಾಟಿಗೆ ಕಪ್ಪು-ಬಿಳಿ ಬಣ್ಣ ಬಳಿದು,
ಗೇಣಿಗೊಂದು ಗಂಟು ಹಾಕಿದ ಹಗ್ಗ ಕಟ್ಟಿ
ಎಂಟನೇ ಇಯತ್ತೆಯವರನ್ನು ಕಾಗಿಣಾ ದಂಡೆಗೆ ಕರೆದೊಯ್ದೆ.
ತಾಟು ಕಾಣದಾದಾಗ ಗಂಟು ಎಣಿಸಬೇಕು,
ಅಷ್ಟೇ ಪಾಠ.

ಸೇತುವೆಯ ಮೇಲ್ಗಡೆ ಐದು ಗಂಟು.
ಮೀನುಗಳು ತಾಟಿನ ಅಂಚು ಮೂಸಿದವು,
ಅನ್ನದಗುಳು ಉಳಿದಿದೆಯೋ ಎಂದು.
ಮಿಂಚುಳ್ಳಿಯನ್ನು ಮೌಲಾಲಿಯೇ ಮೊದಲು ಕಂಡ,
ಕೂಗಿ ಹಾರಿಸಿಯೂ ಬಿಟ್ಟ.

ಪರ್ಸಿಕಲ್ಲಿನ ಪಾಲಿಶ್ ಮಷಿನ್ನುಗಳ ಕೆಳಗಡೆ
ಮೊದಲ ಗಂಟು ಮುಳುಗುವ ಮುಂಚೆಯೇ
ತಾಟು ಇಲ್ಲ.

ಜಗದೇವಿ ಹಗ್ಗ ಹಿಡಿದೇ ನಿಂತಳು.
"ನಮ್ಮಪ್ಪ ರಾತ್ರಿ ಕಾಲು ತೊಳ್ಕೊಂಡ್ರ
ಬಚ್ಚಲ್ದಾಗ ನೀರು ಹಿಂಗೇ ಇರ್ತದ್ರೀ ಟೀಚರ್."

ನನ್ನ ನಮೂನೆಯಲ್ಲಿ 'ಕಾರಣ' ಎಂಬ ಕಾಲಂ ಇತ್ತು.
ಅದು ಯಾರ ಮನೆಯ ಹೊಸ್ತಿಲೆಂದು
ಗೆರೆ ಎಳೆಯುವಾಗ ಯೋಚಿಸಿರಲಿಲ್ಲ.
ಖಾಲಿ ಬಿಡು ಎಂದೆ.
ಬಿಡಲಿಲ್ಲ. ಬರೆದಳು:
ಪುಡಿ ಕೂಡ್ರಲಿಕ್ಕೆ ಹೊಂಡ ಬೇಕು. ಮಾಲಕರು ತೋಡಿಲ್ಲ.

ಬರುವಾಗ ದಂಡೆಯಲ್ಲೊಂದು ಆಮೆ, ಬೆನ್ನ ತುಂಬ ಬಿಳಿ.
ವೇಲಿನ ತುದಿಯಿಂದ ಒರೆಸಿ, ಎತ್ತಿಕೊಂಡು
ಅರ್ಧ ಮೈಲು ಹಿಂದಕ್ಕೆ ನಡೆದಳು
ಐದು ಗಂಟಿನ ನೀರಿನ ತನಕ.

ಚಿತ್ತಾಪುರದ ಕೊನೇ ಬಸ್ಸು ತಪ್ಪಿತು.