ಜೀರಂಗಿ

ಮೊದಲನೇ ವಾರದಾಗ ಮಷೀನು ಬಾಯಿಪಾಠ ಮಾಡಿದ್ಲು.
ಯಾವ ಅಲಾರ್ಮ್ ಯಾಕ ಹೊಡಕೊಂತೈತಿ,
ನೀರಿನ ಲೆಕ್ಕ, ಹೆಪಾರಿನ್ ಲೆಕ್ಕ,
ಕೇಳಿದ್ರ ಪಟಪಟ ಒಪ್ಪಸ್ತಿದ್ಲು
ನವಲಗುಂದದ ಶಮೀನಾ ನದಾಫ್.

ನಾ ಅಂದೆ: ತಿರಕಪ್ಪಜ್ಜನ ಎಡಗೈ ಮ್ಯಾಲ ಬೆರಳಿಡು.
ಕಣ್ಣು ಮುಚ್ಚು. ಏನೈತಿ?
"ಏನಿಲ್ರಿ ಸಿಸ್ಟರ್."
ಐತಿ. ಒತ್ತಬ್ಯಾಡ.
ಹಸಗೂಸಿನ ನೆತ್ತಿ ಮುಟ್ಟಿದಂಗ ಮುಟ್ಟು.
ತಡಾ ಆತು. ಆಮ್ಯಾಲ ಹುಬ್ಬು ಏರಿದವು:
"ಕಡ್ಡಿಪೆಟಗಿಯೊಳಗ ಜೀರಂಗಿ ಇಟ್ಟಂಗ ಐತ್ರಿ!"

ಹಾಂ. ಅದು ಸುಮ್ಮನಾದ ದಿನ ಸೂಜಿ ಮುಟ್ಟಬಾರದು.

ಆಕಿ ಮೊದಲ ಸೂಜಿ ತಪ್ಪಿತು.
ತೋಳು ಉಬ್ಬಿ ಬದನೀಕಾಯಿ ಬಣ್ಣಕ್ಕ ತಿರುಗಿತು.
ನನ್ನ ಕೈ ತಾನ ಮುಂದ ಹೋಗಿತ್ತು;
ಎಳಕೊಂಡು ಕಿಸೆದಾಗ ತುರುಕಿ ನಿಂತೆ.
ಇಪ್ಪತ್ತೆರಡು ವರ್ಷ ಚುಚ್ಚಿದ ಕೈ
ಸುಮ್ಮನಿರು ಅಂದ್ರ ಇರತೈತೇನು?
"ಸೂಜಿ ತಗಿ. ಒತ್ತಿ ಹಿಡಿ. ಬರ್ಫ ತಾ."
ಅಷ್ಟ ಅಂದೆ.

ಅಜ್ಜ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್.
"ಹೊಸಾ ಹುಡುಗ್ರು ನನ್ನ ಕಡೆ ಎಷ್ಟು ಬೋಲ್ಟ್ ಕೆಡಿಸ್ಯಾರ,
ಇರಲಿ ಬಿಡವಾ," ಅಂತ ನಕ್ಕು
ಮುಖ ಗ್ವಾಡಿ ಕಡೆ ಮಾಡಿ ತುಟಿ ಕಚ್ಚಿದ.
ಆಕಿ ನೋಡಲಿಲ್ಲ. ನಾ ನೋಡಿದೆ.

ಬಾತ್‌ರೂಮಿನ ನಳ ಬಾಳ ಹೊತ್ತು ಹರಿತು.
ಕದ ಬಡೀಲಿಲ್ಲ.
ನನಗ ಬೈದಿದ್ದ ಹೆಡ್ ಸಿಸ್ಟರ್ ದನಿ
ಇನ್ನೂ ಕಿವ್ಯಾಗ ಐತಿ,
ಅವರು ಕಲಿಸಿದ್ದೇನಂತ ಮಾತ್ರ ನೆನಪಿಲ್ಲ.
ಮೇಜಿನ ಮ್ಯಾಲ ಅರ್ಧ ರೊಟ್ಟಿ, ಪುಂಡಿಪಲ್ಲೆ ಇಟ್ಟು
ಮನಿಗೆ ಹೋದೆ.

ಶ್ರಾವಣದ ಒಂದು ಸೋಮವಾರ, ಮುಂಜಾನಿ ಪಾಳಿ.
ಹತ್ತು ಹಾಸಿಗಿ, ಮೂವರು ನಾವು.
ನಾ ಓಡ್ತಾ ಓಡ್ತಾ ಪಟ್ಟ್ಯಾಗ ಗೆರಿ ಎಳದಿದ್ದೆ:
ನಾಲ್ಕನೇ ಹಾಸಿಗಿ, ಸರಿ.
ಆಕಿ ಸೂಜಿ ಹಿಡದು ನಿಂತಾಳ, ಚುಚ್ಚವಲ್ಲಳು.
"ಅಕ್ಕಾ," ಅಂದ್ಲು, ಅಲ್ಲಿತನಕ ಸಿಸ್ಟರ್ ಅಂತಿದ್ದಾಕಿ,
"ಜೀರಂಗಿ ಇಲ್ಲ."

ಬೆರಳಿಟ್ಟೆ. ಕಣ್ಣು ಮುಚ್ಚಿದೆ.
ಚರ್ಮ. ಅದರ ಕೆಳಗ ಏನಿಲ್ಲ.
ಖರೇನ.

ನನ್ನ ಗೆರಿ ಕಾಟು ಹೊಡದು
ಪಕ್ಕಕ್ಕ ಸಹಿ ಮಾಡಿದೆ, ಆಕಿ ನೋಡೂಹಂಗ.
ಆಮ್ಯಾಲ ಡಾಕ್ಟರಿಗೆ ಫೋನ್ ಹಚ್ಚಿದೆ.

ಹೆಪ್ಪು ತಗಸಿಕೊಂಡು, ಹೊಲಿಗಿ ಒಣಗಿಸಿಕೊಂಡು
ಅಜ್ಜ ತಿರುಗಿ ಬಂದ.
ಟ್ರೇ ಹಿಡದು ನಾನ ಹೋದೆ.
ತೋಳು ಹೊದಿಕಿಯೊಳಗ ಎಳಕೊಂಡ:
"ಆ ಹುಡುಗಿ ಎಲ್ಲಿ?"

ಟ್ರೇ ಆಕಿಗೆ ಕೊಟ್ಟೆ.
ಕಿಟಕಿ ಹೊರಗ ಉಣಕಲ್ ಕಡೆ ಬಸ್ಸು ಹೊಂಟಿತ್ತು.
ಕಿಸೆದಾಗ ಕೈ ಹಾಕಿದೆ:
ಒಂದು ಪೆನ್ನಿನ ಟೊಪ್ಪಿಗಿ,
ಮುದುಡಿದ ಚಿಗರಿ ಬಸ್ಸಿನ ಚೀಟಿ.