ಮದ್ದಿನ ತಕ್ಕಡಿ

ಬಾಗಿಲು ಹಾಕು, ಯೂಸೊ.
ಗಾಳಿ ನುಸುಳಿದರೆ ಮುಳ್ಳು ಸುಳ್ಳು ಹೇಳುತ್ತದೆ.
ಆ ಹೀಟರಿನ ಫ್ಯಾನೂ ಆರಿಸು. ಚಳಿಯೆ?
ಕುಹ್ಮೊದಲ್ಲಿ ಹುಟ್ಟಿ ಅಕ್ಟೋಬರಿಗೇ ಚಳಿ ಎನ್ನುವವನು
ಮೂಸ್ ಬರುವ ತನಕ ಮರದಡಿ ಹೇಗೆ ಕೂರುತ್ತೀ?
ಉಸಿರನ್ನೂ ಅತ್ತ ಬಿಡು.

ನಿನ್ನ ಎಲೆಕ್ಟ್ರಾನಿಕ್ ಯಂತ್ರ ಬೇಡವೆನ್ನುವುದಿಲ್ಲ.
ಬೇಗ ಹೇಳುತ್ತದೆ. ಆದರೆ
ಬಿಸಿಯಾಗುವ ಮುಂಚೆ ಒಂದು, ಬಿಸಿಯಾದ ಮೇಲೆ ಇನ್ನೊಂದು,
ಎರಡನ್ನೂ ಅಷ್ಟೇ ಧೈರ್ಯದಿಂದ.
ನನ್ನ ಮೊದಲ ಗಂಡ ಹಾಗಿದ್ದ.

ತಕ್ಕಡಿ ಕೊಳ್ಳುವಾಗ ಬಣ್ಣ ನೋಡಬೇಡ, ಕಂಪನಿಯ ಹೆಸರೂ ಬೇಡ.
ದಂಡವನ್ನು ಬೆರಳ ತುದಿಯಿಂದ ಮುಟ್ಟಿ ಬಿಡು.
ತೂಗಿ ತೂಗಿ ಎಲ್ಲಿ ನಿಂತಿತು?
ಮತ್ತೆ ಮುಟ್ಟು. ಅಲ್ಲೇ ನಿಂತರೆ ದುಡ್ಡು ಎಣಿಸು.
ಬೇರೆಲ್ಲೋ ನಿಂತರೆ
ಒಳಗೆ ಏನೋ ಉಜ್ಜುತ್ತಿದೆ, ಮಾರುವವನ ಮುಖ ನೋಡು.

ಮೂವತ್ತೊಂದು ವರ್ಷ ಔಷಧದಂಗಡಿಯಲ್ಲಿ
ಪುಡಿ ತೂಗಿದವಳು ನಾನು.
ಕೂಸಿನ ಎದೆಗೆ ಇಷ್ಟು, ಮುದುಕಿಯ ನಿದ್ದೆಗೆ ಇಷ್ಟು,
ಕಾಗದ ಮಡಿಸಿ, ಹೆಸರು ಬರೆದು.
ಈಗ ಇದು.
ಮದ್ದು ಅಂದರೆ ಮದ್ದೇ, ಮಗನೇ,
ಉಳಿಸುವುದಕ್ಕೂ ಅದೇ ಹೆಸರು, ಉರುಳಿಸುವುದಕ್ಕೂ.
ಅಳತೆ ಕೇಳುವುದರಲ್ಲಿ ಎರಡೂ ಒಂದೇ ತಾಯಿಯ ಮಕ್ಕಳು.

ಇದು ಕಲೆರ್ವೊ ಪೀರಾಯ್ನೆನ್‌ನದು.
ಅವನ ಮಗಳು ನೆಲಮಾಳಿಗೆ ಖಾಲಿ ಮಾಡುವಾಗ
ಹನ್ನೆರಡು ಯೂರೋಗೆ ಕೊಟ್ಟಳು.
ಹಸಿರು ಬಣ್ಣ ಚಕ್ಕೆ ಎದ್ದಿದೆ. ಇರಲಿ.
ಮದ್ದಿನ ಡಬ್ಬಿ ಮುಚ್ಚಿ ಆಚೆಯ ಕೋಣೆಯಲ್ಲಿಡು, ಮೊದಲು ಅದು.
ಬೆಂಕಿಕಡ್ಡಿಯ ಬುಡ ಚೂಪು ಮಾಡಿ, ಸ್ಪಿರಿಟ್ಟಿನಲ್ಲಿ ಅದ್ದಿ,
ಅಗೇಟ್ ಕಲ್ಲಿನ ತಗ್ಗು ಒರೆಸು,
ಮಗುವಿನ ಕಿವಿ ಒರೆಸಿದ ಹಾಗೆ.
ಎಣ್ಣೆ ಮಾತ್ರ ಹಾಕಬೇಡ. ಎಣ್ಣೆ ಧೂಳಿಗೆ ನೆಂಟ.
ಉಕ್ಕಿನ ಅಲಗು ಕಲ್ಲಿನ ಮೇಲೆ
ಕೂತೂ ಕೂರದಂತೆ ಇರಬೇಕು.

ಸ್ಪಿರಿಟ್ಟು ಆರಿತು. ಡಬ್ಬಿಯಿಂದ ಒಂದೇ ಒಂದು ಕಾಳು ತಾ.
ಚಿಮಟದಲ್ಲಿ ಹಿಡಿದು ತಟ್ಟೆಗೆ ಬಿಡು.
ಕಣ್ಣು ಮುಳ್ಳಿನ ಮಟ್ಟಕ್ಕೆ ತಾ, ಮೇಲಿಂದ ನೋಡಬೇಡ.
ಅದೋ!
ಒಂದು ಕಾಳಿಗೆ ಎದ್ದಿತು.
ತೆಗೆ. ಸೊನ್ನೆಗೆ ಮರಳಿತು.

ಇನ್ನು ನನ್ನ ಹಿತ್ತಾಳೆಯ ಬಟ್ಟು.
ನಲವತ್ತು ಗ್ರೇನ್, ಔಷಧದಂಗಡಿಯದು, ನಂಬಬಹುದು.
ಏನಂತೆ?
ನಲವತ್ತು, ಮೇಲೆ ಹತ್ತರಲ್ಲೊಂದು.
ತಿರುಗಿಸಿ ಬುಡ ತೋರಿಸು. ಪ್ಲಾಸ್ಟರ್ ಅಂಟಿಸಿದ್ದಾನೆ, ಪೆನ್ಸಿಲಿನ ಬರಹ:
“ಹತ್ತರಲ್ಲೊಂದು ಹೆಚ್ಚು ತೋರುತ್ತದೆ. ನನಗೆ ಗೊತ್ತು. ೧೯೮೭.”

ಪ್ರತಿ ಸೆಪ್ಟೆಂಬರಿಗೆ ಬರುತ್ತಿದ್ದ ಆ ಮನುಷ್ಯ,
ಇದನ್ನು ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿ.
ಒಂದು ಗಳಿಗೆ ನಿಮ್ಮ ಬಟ್ಟು ಕೊಡುತ್ತೀರಾ, ಪರೀಕ್ಷೆಗೆ?
ನಾನು ಕೊಡುತ್ತಿದ್ದೆ. ಅವನು ಇಡುತ್ತಿದ್ದ.
ಸ್ವಲ್ಪ ಹೆಚ್ಚು ತೋರುತ್ತದೆ, ಸರಿ ಮಾಡಲೆ ಅಂದರೆ
ಇರಲಿ, ಮುಂದಿನ ವರ್ಷ ನೋಡೋಣ.
ಹತ್ತೊಂಬತ್ತು ಮುಂದಿನ ವರ್ಷಗಳು.
ನಾನು ಅವನನ್ನು ಜಿಪುಣ ಅಂದುಕೊಂಡಿದ್ದೆ.

ಹೆಚ್ಚು ತೋರುವ ತಪ್ಪನ್ನು ಕ್ಷಮಿಸಬಹುದು,
ತಟ್ಟೆಯಲ್ಲಿ ಮದ್ದು ಕಡಿಮೆಯೇ ಇರುತ್ತದೆ.
ಕಡಿಮೆ ತೋರುವುದು ಬಂದೂಕನ್ನು ಸೀಳೀತು, ಕೈಯನ್ನೂ.
ಆದರೂ ಅದು ಅವನ ತಪ್ಪು. ನಿನಗೆ ಬೇಡ.
ಜಾರುಬಟ್ಟಿನ ಹೊಟ್ಟೆ ಬಿಚ್ಚು.
ಈ ಸೀಸದ ಚೂರು, ಉಗುರಿನ ಅಂಚಿನಷ್ಟು, ಒಳಗೆ ಹಾಕು.
ಮತ್ತೆ ತೂಗು. ಜಾಸ್ತಿಯಾಯಿತು, ಚೂರು ಕೆರೆ.
ಇನ್ನೊಮ್ಮೆ.
ಇನ್ನೂ ಒಮ್ಮೆ.

ನಲವತ್ತಕ್ಕೆ ನಲವತ್ತು.

ಆ ಪ್ಲಾಸ್ಟರ್ ಕಿತ್ತು ಬಿಸಾಡಬೇಡ.
ಇತ್ತ ಕೊಡು.
ಏನು ನೋಡುತ್ತೀ? ಬಾಗಿಲು ತೆಗೆ, ಸೆಕೆಯಾಗುತ್ತಿದೆ.
ಅಲ್ಲ, ಮೊದಲು
ಡಬ್ಬಿಯ ಮುಚ್ಚಳ ನೋಡು.